ಎದೆಯೊಳಗೆ ಎಂತ ಇದೆ

ಬಾಗಿಲು ತಳ್ಳಿಕೊಂಡು ಒಳಬಂದವಳನ್ನು ಕಂಡದ್ದೇ ತಡ, ಕೃಷ್ಣಾನಂದನ ಮೈ ಉರಿದುಹೋಯಿತು. ಹೊನ್ನಮ್ಮ! ಒಡಹುಟ್ಟಿದ ಅಕ್ಕ. ಏಳು ವರ್ಷದಿಂದ ಅವಳ ಮುಖ ನೋಡಿರಲಿಲ್ಲ.

ಎದ್ದು ಹೋಗುವಂತಿಲ್ಲ. ಕುಮಟಾದ ಆಸ್ಪತ್ರೆಯಲ್ಲಿ ಅಂಗಿ ಕಳಚಿ ಎಡಮಗ್ಗುಲಾಗಿ ಮಲಗಿದ್ದ. ಎದೆಗೆ ತಣ್ಣನೆಯ ಜೆಲ್ ಹಚ್ಚಿ, ಡಾಕ್ಟರ್ ಪ್ರಣಿತಾ ಪಕ್ಕೆಲುಬಿನ ನಡುವೆ ಸ್ಕ್ಯಾನಿನ ಹಿಡಿಯನ್ನು ಒತ್ತಿ ಹಿಡಿದಿದ್ದರು.

ಎರಡು ತಿಂಗಳಿಂದ ಆಗಾಗ ಎದೆ ಹಿಂಡುತ್ತಿತ್ತು. ಇಸಿಜಿ ಸರಿಯಿತ್ತು. ಸುಮ್ಮನೆ ಮಲಗಿಸಿ ಮಾಡಿದ ಎಕೋ ಸ್ಕ್ಯಾನ್ ಕೂಡ ಸರಿಯಿತ್ತು. ಹೃದಯ ಜೋರಾಗಿ ಬಡಿಯುವಾಗ ನೋಡಿದರೆ ಮಾತ್ರ ರಕ್ತನಾಳ ಕಟ್ಟಿದ್ದು ಗೊತ್ತಾದೀತು ಎಂದಿದ್ದರು ಡಾಕ್ಟರ್. ಟ್ರೆಡ್‌ಮಿಲ್ ಹತ್ತಲು ಅವನ ಮೊಣಕಾಲು ಬಿಡಲಿಲ್ಲ. ಬಡಿತ ಏರಿಸುವ ಇಂಜೆಕ್ಷನ್‌ಗೆ ಅವನೇ ಒಪ್ಪಲಿಲ್ಲ. "ಸೂಜಿ ತಂದ್ರೆ ಎದ್ದು ಹೆಬಳೆಯ ಮನೆಗೆ ಹೋಗ್ತೆ" ಎಂದು ಹಟ ಹಿಡಿದ.

"ಆತು. ಗುರುವಾರ ಬನ್ನಿ, ಇನ್ನೊಮ್ಮೆ ನೋಡುವ" ಎಂದು ಕಳಿಸಿದ್ದರು.

ಇಂದು ಗುರುವಾರ. ಮೂಲೆಯಲ್ಲಿ ನಿಂತ ಹೆಂಡತಿ ಸುಬ್ಬಲಕ್ಷ್ಮಿ ನೆಲ ನೋಡುತ್ತಿದ್ದಳು.

"ಎಂತಕ್ಕೆ ಬಂದೆ? ನಾ ಸತ್ನೋ ಇಲ್ವೋ ನೋಡೂಕಾ?"

"ನಿನ್ನ ಎದೆಯೊಳಗೆ ಎಂತ ಇದೆ ಅಂತ ನೋಡೂಕೆ" ಎಂದಳು ಹೊನ್ನಮ್ಮ.

ಅವ್ವ ಹೊನ್ನಾವರದಲ್ಲಿ ಅವಳ ಮನೆಯಲ್ಲೇ ತೀರಿಕೊಂಡಾಗ ಕೃಷ್ಣಾನಂದ ತೆಂಗಿನಗುಂಡಿ ಬಂದರಿನ ಮೀನು ಬೋಟಿನಲ್ಲಿ ಸಮುದ್ರದ ಮೇಲಿದ್ದ. ಮರಳಿ ಬರುವಷ್ಟರಲ್ಲಿ ಚಿತೆ ಆರಿತ್ತು. ಅಕ್ಕ ಬೇಕೆಂದೇ ಕಾಯಲಿಲ್ಲ ಎಂದು ಅಂದಿನಿಂದ ಹಗೆ.

"ಕಾಯಲಿಲ್ಲ ಅಂತ ಊರೆಲ್ಲ ಹೇಳ್ಕಂಡು ತಿರುಗಿದೆ" ಎಂದಳು ಹೊನ್ನಮ್ಮ. "ಎಂತಕ್ಕೆ ಕಾಯ್ಬೇಕಿತ್ತು? ನಿನ್ನ ಕರೀಬೇಡ ಅಂದವಳೇ ಅವ್ವ."

"ಸುಳ್ಳು!"

"ಅವನ ಕೈಯ ನೀರೂ ನಂಗೆ ಬೇಡ ಅಂದ್ಲು."

ಕೃಷ್ಣಾನಂದನ ಕಣ್ಣು ಕತ್ತಲಿಟ್ಟಿತು. ಪರದೆಯ ಮೇಲೆ ಬಡಿತದ ಅಂಕಿ ನೂರು ದಾಟಿತು, ನೂರ ನಲವತ್ತು ಮುಟ್ಟಿತು. "ಹೊರಗೆ ದಬ್ಬಿ ಇವಳನ್ನ!" ಎಂದು ಕಿರುಚಿದ.

ಡಾಕ್ಟರ್ ತಿರುಗಿಯೂ ನೋಡಲಿಲ್ಲ. "ಅಲುಗಾಡಬೇಡಿ."

"ಇನ್ನೂ ಹೇಳ್ಬೇಕಾ?" ಎಂದಳು ಹೊನ್ನಮ್ಮ. ಅವಳ ಧ್ವನಿ ನಡುಗುತ್ತಿತ್ತು.

ಎದೆಯನ್ನು ಯಾರೋ ಹಿಡಿದು ಹಿಂಡಿದಂತಾಯಿತು.

"ಸಾಕು!" ಎಂದರು ಡಾಕ್ಟರ್. ನರ್ಸ್ ಅವನ ನಾಲಿಗೆಯ ಕೆಳಗೆ ಗುಳಿಗೆ ಇಟ್ಟಳು. ಹೊನ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೋಡಿದಳು.

ನೋವು ಇಳಿದ ಮೇಲೆ ಡಾಕ್ಟರ್ ಪರದೆ ತೋರಿಸಿದರು. ಹೃದಯದ ಗೋಡೆ ಎಲ್ಲ ಕಡೆ ಕುಣಿಯುತ್ತಿತ್ತು, ಮುಂಭಾಗ ಮಾತ್ರ ಅಲುಗದೆ ನಿಂತಿತ್ತು. "ದೊಡ್ಡ ರಕ್ತನಾಳವೇ ಕಟ್ಟಿದೆ. ಇಂದೇ ಮಂಗಳೂರಿಗೆ ಹೋಗಬೇಕು. ಹೊತ್ತಿಗೆ ಸಿಕ್ಕಿತು, ಬದುಕಿಕೊಂಡಿರಿ."

"ಅದಿರಲಿ. ಅವಳನ್ನು ಒಳಗೆ ಬಿಟ್ಟವರು ಯಾರು?"

"ನಾನೇ. ಬಡಿತ ಏರಿಸುವ ಸೂಜಿಗೆ ನೀವು ಒಪ್ಪಲಿಲ್ಲವಲ್ಲ. ಇವರಿಗೆ ಎದೆನೋವು ಬರುವಷ್ಟು ಸಿಟ್ಟು ಯಾರ ಮೇಲಿದೆ ಎಂದು ನಿಮ್ಮ ಹೆಂಡತಿಯನ್ನು ಕೇಳಿದ್ದೆ."

ಸುಬ್ಬಲಕ್ಷ್ಮಿ ಮೆಲ್ಲನೆ ಬಾಗಿಲು ದಾಟಿದಳು. ಹೊರಗೆ ಬೆಂಚಿನ ಮೇಲೆ ಹೊನ್ನಮ್ಮ ಬಿಕ್ಕುತ್ತಿರುವುದು ಕೇಳಿಸಿತು. "ಅವ್ವ ಕಡೇ ಉಸಿರಿನ ತನಕ ಅವನನ್ನೇ ಕರೀತಿದ್ಲು ಅಂತ ಹೇಳೇ, ಸುಬ್ಬಲಕ್ಷ್ಮಿ. ನಾ ಹೇಳಿದ್ರೆ ಅವ ನಂಬೂದಿಲ್ಲ."