ಸುಮ್ಸುಮ್ನೆ ಬೀಳುವುದು

"ಯಾರಿಗಾದ್ರೂ ಶಾಕ್ ಹೊಡೆದ್ರೆ ತಾನೇ ಬಿದ್ದು ಕರೆಂಟು ನಿಲ್ಲಿಸ್ಲಿ ಅಂತ ಈ ಟ್ರಿಪ್ಪರ್ ಹಾಕ್ಸಿದ್ದು. ಇದು ಸುಮ್ಸುಮ್ನೆ ಬೀಳತ್ತೆ," ಎಂದು ಮನೆಯ ಯಜಮಾನ ಎಲೆಕ್ಟ್ರಿಷಿಯನ್‌ಗೆ ಹೇಳಿದ.

"ಯಾವಾಗ ಬೀಳತ್ತೆ ಸಾರ್?"

"ಸಂಜೆ, ನಾನು ಬಂದ್ಮೇಲೆ. ಇವಳಿಗೆ ಏನೋ ಬುದ್ಧಿ ಹೇಳ್ತಿರ್ತೀನಿ, ಟಪ್ ಅಂತ ಕತ್ತಲೆ. ಇವಳು ಎಲ್ಲಿದಾಳೆ ಅಂತಾನೂ ಕಾಣಲ್ಲ."

ಎಲೆಕ್ಟ್ರಿಷಿಯನ್ ಇಡೀ ಮನೆಯ ವೈರಿಂಗ್ ಜಾಲಾಡಿದ. ಎಲ್ಲೂ ದೋಷವಿರಲಿಲ್ಲ. ಅಡುಗೆಮನೆ ಬಾಗಿಲ ಹಿಂದೆ, ಮಬ್ಬಿನಲ್ಲಿದ್ದ ಟ್ರಿಪ್ಪರಿನ ಟೆಸ್ಟ್ ಗುಂಡಿಯನ್ನು ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದ. ಒತ್ತಿದೊಡನೆ ಕರೆಂಟು ಹೋಯಿತು. ಅದೂ ಸರಿಯಾಗಿಯೇ ಇತ್ತು.

ಯಜಮಾನನ ಹೆಂಡತಿ ನೀರು ತಂದಳು. ಹುಬ್ಬಿನ ಮೇಲಿನ ಗಾಯಕ್ಕೆ ಅರಿಶಿನ ಮೆತ್ತಿಕೊಂಡಿದ್ದಳು.

"ಏನಾಯ್ತಕ್ಕಾ?"

"ಬಿದ್ದೆ."

"ಇವಳೂ ಹಾಗೇ, ಸುಮ್ಸುಮ್ನೆ ಬೀಳ್ತಾಳೆ," ಎಂದು ಯಜಮಾನ ನಕ್ಕ. "ಅದನ್ನ ಕಿತ್ತು ಮಾಮೂಲಿದು ಹಾಕ್ಬಿಡಪ್ಪ."

"ಅದೇ ಇರ್ಲಿ," ಎಂದಳು ಆಕೆ. ಯಾರೂ ಕಿವಿಗೊಡಲಿಲ್ಲ.

ಮಾಮೂಲಿ ಸ್ವಿಚ್ಚು ಕೂರಿಸಿ, "ಇನ್ನು ಬೀಳಲ್ಲ ಸಾರ್," ಎಂದು ಹೇಳಿ ಅವನು ಮೆಟ್ಟಿಲಿಳಿದ. ಹಿಂದೆ ಬಾಗಿಲ ಚಿಲಕ ಬಿತ್ತು. ಬೀದಿಯ ಬೆಳಕಿನಲ್ಲಿ, ಕಿತ್ತ ಟ್ರಿಪ್ಪರನ್ನು ಚೀಲಕ್ಕೆ ಹಾಕುವ ಮುನ್ನ ತಿರುಗಿಸಿ ನೋಡಿದ. ಟೆಸ್ಟ್ ಗುಂಡಿಯ ಮೇಲೆ ಅರಿಶಿನದ ಬೆರಳ ಗುರುತುಗಳು ಒಂದರ ಮೇಲೊಂದು ಒಣಗಿದ್ದವು.