ತವರಿನ ಬೂಷ್ಟು

ಕಬ್ಬು ಅಳಿದುಹೋದ ಮೇಲೆ, ಹಣ್ಣಿನ ಸಿಪ್ಪೆ ತಿಂದು ಸಕ್ಕರೆಪಾಕ ಕೊಡುವ ಬೂಷ್ಟಿನ ಗಡಿಗೆ ಮನೆಮನೆಗೂ ಬಂತು. ಮದುಮಗಳು ತವರಿನಿಂದ ಅದರ ಹೆಪ್ಪು ತರುವುದು ವಾಡಿಕೆ. ಧಾರವಾಡದ ಕಸ್ತೂರಿಯೂ ಬನವಾಸಿಯ ಗಂಡನ ಮನೆಗೆ ತಂದಳು. ಆದರೆ ಮಾವಿನ ಸಿಪ್ಪೆಯಲ್ಲಿ ಬೆಳೆದ ಆ ಬೂಷ್ಟು, ಇಲ್ಲಿನ ಜ್ಯೂಸ್ ಕಾರ್ಖಾನೆಯ ಅನಾನಸ್ ಸಿಪ್ಪೆಯನ್ನು ಮುಟ್ಟಲೇ ಇಲ್ಲ.

“ನಾಳೆ ನಿಮ್ಮವ್ವ ಬರ್ತಾಳ. ಪಾಯಸಕ್ಕ ನಿನ್ನ ಕಣ್ಣೀರು ಹಾಕೂಣೇನು? ಸಂಜಿತನಕ ನೋಡ್ತೀನಿ, ಆಮ್ಯಾಲೆ ಇದನ್ನ ತಿಪ್ಪಿಗೆ ಸುರೀತೀನಿ” ಎಂದಳು ಅತ್ತೆ ನೀಲವ್ವ.

ಹೊಸ ಮನೆಯಲ್ಲಿ ಮೊದಲ ತುತ್ತು ತವರಿನದೇ ಆಗಬೇಕು ಎನ್ನುತ್ತಿದ್ದಳು ಕಸ್ತೂರಿಯ ಅಜ್ಜಿ. ಕಸ್ತೂರಿ ತವರಿನ ಬುತ್ತಿಯಲ್ಲಿದ್ದ ಒಣ ಮಾವಿನ ಸಿಪ್ಪೆಯನ್ನು ಅನಾನಸಿನೊಂದಿಗೆ ಕಲಸಿ ಗಡಿಗೆಗೆ ಹಾಕಿ, ಬೂಷ್ಟಿಗೆ ಹೇಳಿದಳು: “ಉಣ್ಣವ್ವಾ, ನಾನೂ ಇಲ್ಲೇ ಉಣ್ಣಾಕತ್ತೀನಿ.”

ಸಂಜೆ ಗಡಿಗೆಯ ಮೂತಿಯಿಂದ ಹೊನ್ನಿನ ಬಣ್ಣದ ಪಾಕ ತೊಟ್ಟಿಕ್ಕಿತು. ನೀಲವ್ವ ಬೆರಳದ್ದಿ ನೆಕ್ಕಿದಳು, ಮತ್ತೆ ನೆಕ್ಕಿದಳು.

“ಕಸ್ತೂರಿ, ನನ್ನ ಮಗಳ ಮನಿಗೂ ಇದರ ಹೆಪ್ಪು ಒಂದೀಟು ಕೊಡ್ತೀಯೇನವ್ವಾ?”