ಅಕ್ಕನ ಮನೋಬಲ

ನೀಲವ್ವ ಆಸ್ಪತ್ರೆಯ ಮಂಚಕ್ಕೆ ಕೈ ಕಟ್ಟಿಸಿಕೊಂಡು ಮಲಗಿದ್ದಳು. ಬಿಚ್ಚಿದರೆ ಪಕ್ಕದ ರೋಗಿಯ ಬೆಲ್ಲದ ಕರದಂಟನ್ನೂ ತಿನ್ನದೆ ಬಿಡುತ್ತಿರಲಿಲ್ಲ. ಸಕ್ಕರೆ ಕಾಯಿಲೆಗೆ ಒಂದು ಕಾಲು ಆಗಲೇ ಹೋಗಿತ್ತು. ಹಿಂದೆ ಇದೇ ವಾರ್ಡಿನಲ್ಲಿ ಅವಳ ಮನೋಬಲವನ್ನು ತೆಗೆದು, ಕುಡಿದು ಸಾಯಲಿದ್ದ ತಮ್ಮ ಬಸಲಿಂಗನಿಗೆ ಏರಿಸಿದ್ದರು. ಅರ್ಧ ಸಾಕು ಎಂದಿದ್ದರು ವೈದ್ಯರು. ಪೂರ್ತಿ ತಗೊಳ್ಳಿ ಎಂದವಳು ಅವಳೇ.

ಬಸಲಿಂಗ ವ್ಯಸನಮುಕ್ತಿ ಶಿಬಿರದಲ್ಲಿ ಭಾಷಣ ಮುಗಿಸಿ, ಇಸ್ತ್ರಿ ಅಂಗಿಯಲ್ಲೇ ನೋಡಲು ಬಂದ.

"ಏನಕ್ಕಾ, ಸಣ್ಣ ಹುಡುಗಿ ಆದಿ? ಮನಸ್ಸು ಗಟ್ಟಿ ಮಾಡ್ಕೋಬೇಕವಾ."

"ಗಟ್ಟಿ ಇದ್ದದ್ದು ನಿನ್ನ ಕಡೆ ಐತೆಲ್ಲೋ," ನೀಲವ್ವ ನಕ್ಕಳು. "ಒಂದೀಟು ತಿರುಗಿ ಕೊಡೋ ಬಸ್ಯಾ. ಇನ್ನೊಂದು ಕಾಲಾದ್ರೂ ಉಳೀಲಿ."

"ಕೊಟ್ಟು ನಾ ಮತ್ತ ಕುಡದ್ರ?"

"ಪೂರಾ ಬ್ಯಾಡೋ. ಬೆಲ್ಲದ ಡಬ್ಬಿ ಮುಚ್ಚೂವಷ್ಟು ಸಾಕು."

ಅವನು ಅಕ್ಕನ ಹಣೆಯ ಬೆವರು ಒರೆಸಿದ. ಮೊದಲೆಲ್ಲ ಅವಳ ಕಣ್ಣು ತುಂಬಿದರೆ ಸಾಕು, ಕೇಳಿದ್ದಕ್ಕೆಲ್ಲ ಹೂಂ ಎಂದುಬಿಡುತ್ತಿದ್ದ, ಇಲ್ಲ ಅನ್ನುವ ಶಕ್ತಿಯೇ ಅವನಿಗಿರಲಿಲ್ಲ. ಈಗ ಅದೇ ಕಣ್ಣುಗಳನ್ನು ನೆಟ್ಟ ನೋಟದಿಂದ ನೋಡುತ್ತ, ದನಿ ಒಂದಿಷ್ಟೂ ನಡುಗದಂತೆ, "ಆಗೂದಿಲ್ಲಕ್ಕಾ" ಎಂದ.